ಹಸಿದ ಹುಲ್ಲಿನ ಮೇಲೆ ಕಾಲಿಡುವ ಮುನ್ನ: ಐರಿಷ್ ಜನಪದದ ಕರಾಳ ಆಟಕ್ಕೆ ಯಾವ ಪುಸ್ತಕ ತಗೊಳ್ಳಬೇಕು?

"ಲೇ, ನಿನ್ ಬ್ಯಾಗಲ್ಲಿ ತಿನ್ನೋಕೆ ಏನಾದ್ರೂ ಇದ್ಯಾ ನೋಡೇ!"

ಮೂರು ಗಂಟೆ ಆಡಿದ ಆಟದಲ್ಲಿ ನನಗೆ ಇವತ್ತಿಗೂ ನೆನಪಿರುವುದು ಈ ಒಂದು ಮಾತು. ರಾಕ್ಷಸರು ಯಾರೂ ಬಂದಿರಲಿಲ್ಲ. ಯಾರೂ ಕತ್ತಿ ಎಳೆದಿರಲಿಲ್ಲ. ನಾಲ್ಕು ಜನ ಒಂದು ಹೊಲ ದಾಟುತ್ತಿದ್ದರು, ಅಷ್ಟೆ. ಮುಂದೆ ಹೋಗುತ್ತಿದ್ದವನು ಒಂದು ಹಿಡಿ ಹುಲ್ಲಿನ ಮೇಲೆ ಕಾಲಿಟ್ಟ. ಆ ಕ್ಷಣಕ್ಕೆ ಹೊಟ್ಟೆಯೊಳಗೆ ಯಾರೋ ಕೈ ಹಾಕಿ ಹಿಂಡಿದಂಥ ಹಸಿವು. ಕಾಲು ಸೋತು ಕುಸಿದ. ಒಂದು ತುಂಡು ರೊಟ್ಟಿ ಬಾಯಿಗೆ ಬಿದ್ದರೆ ಏಳುತ್ತಾನೆ. ಬೀಳದಿದ್ದರೆ ಅಲ್ಲೇ ಮುಗಿಯಿತು.

ಇದು ನಾನು ಕಟ್ಟಿದ್ದಲ್ಲ. ಐರ್ಲೆಂಡಿನಲ್ಲಿ ಇದನ್ನು ಫೇರ್ ಗೋರ್ತಖ್ ಅನ್ನುತ್ತಾರೆ, ಹಸಿದ ಹುಲ್ಲು ಅಂತ ಅರ್ಥ. ಹಸಿವಿನಿಂದ ಸತ್ತವರು ಬಿದ್ದ ಜಾಗದಲ್ಲಿ ಅದು ಬೆಳೆಯುತ್ತದೆ ಅನ್ನುವುದು ನಂಬಿಕೆ. 1845ರಿಂದ 1852ರವರೆಗೆ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಸುಮಾರು 10 ಲಕ್ಷ ಜನ ಸತ್ತ ನಾಡು ಅದು. ಇನ್ನೊಂದು 10 ಲಕ್ಷ ಜನ ಹಡಗು ಹತ್ತಿ ಹೋದರು. ಅಂಥ ಕಡೆ ಹುಲ್ಲಿಗೂ ಹಸಿವಿರುತ್ತದೆ ಅಂದರೆ ಯಾರು ನಗುತ್ತಾರೆ? ದೂರದ ದಾರಿ ಹಿಡಿದವರು ಜೇಬಿನಲ್ಲಿ ಓಟ್ಸ್ ರೊಟ್ಟಿಯ ಚೂರು ಇಟ್ಟುಕೊಳ್ಳುತ್ತಿದ್ದರಂತೆ.

ಈಗ ವಿಷಯಕ್ಕೆ ಬರೋಣ. "ಐರಿಷ್ ಜನಪದದ ಮೇಲೆ, ಕತ್ತಲೆ ಕವಿದ ಹಾಗೆ, ಬದುಕುಳಿಯೋದೇ ದೊಡ್ಡದು ಅನ್ನೋ ಥರ ಒಂದು ಆರ್‌ಪಿಜಿ ಆಡಬೇಕು. ಯಾವುದು ತಗೊಳ್ಳಲಿ?" ಅಂತ ಕೇಳುವವರು ಇದ್ದಾರೆ. ಆರ್‌ಪಿಜಿ ಅಂದರೆ ಪಾತ್ರ ವಹಿಸಿ ಆಡುವ ಆಟ. ಜನಪದ, ಕತ್ತಲೆ, ಹಸಿವು ಮೂರೂ ಸಮನಾಗಿ ಬೆರೆತ ಒಂದು ಡಬ್ಬಿ ನನ್ನ ಕಪಾಟಿನಲ್ಲಿ ಇಲ್ಲ. ಒಂದರಲ್ಲಿ ಹಸಿವಿದೆ, ಐರ್ಲೆಂಡ್ ಇಲ್ಲ. ಇನ್ನೊಂದರಲ್ಲಿ ಐರ್ಲೆಂಡ್ ಇದೆ, ಹಸಿವೇ ಆಗುವುದಿಲ್ಲ. ಹಾಗಾಗಿ ಐದು ಆಟಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಎರಡರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಆ ಎರಡನ್ನು ಜಾಸ್ತಿ ಆಡಿದ್ದೇನೆ.

ಟೇಬಲ್‌ಟಾಪ್ ಆರ್‌ಪಿಜಿ ಹೊಸತು ಅನ್ನುವವರಿಗೆ ಎರಡು ಮಾತು. ಮೂರರಿಂದ ಐದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್, ಅಂದರೆ ಜಿಎಂ. ಅವರು ಜಗತ್ತನ್ನು ಹೇಳುತ್ತಾ ಹೋಗುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ "ನಾನು ಬಾಗಿಲು ತಳ್ತೀನಿ", "ನಾನು ಓಡ್ತೀನಿ" ಅನ್ನುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಕಡೆ ದಾಳ ಉರುಳುತ್ತದೆ. ಗೆದ್ದವರು ಸೋತವರು ಇಲ್ಲ. ಕತೆ ಮುಂದಕ್ಕೆ ಹೋಗುತ್ತದೆ, ಅಥವಾ ನಿಮ್ಮ ಪಾತ್ರ ಸತ್ತು ಹೊಸ ಹಾಳೆ ತಗೊಳ್ಳುತ್ತೀರಿ.

ಆಟ ಆರಿಸುವಾಗ ಮುಖಪುಟದ ಚಿತ್ರ ನೋಡಿ ಮರುಳಾಗಬೇಡಿ. ನಾನು ಹಾಗೆ ಮರುಳಾಗಿ ಎರಡು ದಪ್ಪ ಪುಸ್ತಕ ತರಿಸಿ ಧೂಳು ಹಿಡಿಸಿದ್ದೇನೆ. ನೋಡಬೇಕಾದ್ದು ಪಾತ್ರದ ಹಾಳೆಯನ್ನು, ಅಂದರೆ ನಿಮ್ಮ ಪಾತ್ರದ ಬಲ, ಗಾಯ, ಸಾಮಾನು ಬರೆದಿಡುವ ಕಾಗದವನ್ನು. ಆ ಹಾಳೆ ನಿಮ್ಮ ಕೈಯಲ್ಲಿ ಏನನ್ನು ಎಣಿಸುತ್ತದೆ? ಚಿನ್ನ ಎಣಿಸಿದರೆ ಆಟಗಾರರು ಚಿನ್ನದ ಹಿಂದೆ ಹೋಗುತ್ತಾರೆ. ಗಾಯ ಎಣಿಸಿದರೆ ಹೊಡೆದಾಟಕ್ಕೆ ಸಿದ್ಧವಾಗುತ್ತಾರೆ. ರೊಟ್ಟಿ ಎಣಿಸಿದರೆ ಹೊಲ ದಾಟುವಾಗಲೂ ಕಾಲ ಕೆಳಗೆ ನೋಡುತ್ತಾರೆ. ಜಿಎಂ ಎಷ್ಟೇ ಗಂಟಲು ಹರಿದುಕೊಂಡು "ಕತ್ತಲು, ಚಳಿ, ತೋಳದ ಕೂಗು" ಅಂದರೂ ಹಾಳೆಯ ಮೇಲೆ ಚಳಿಗೆ ಒಂದು ಚೌಕ ಇಲ್ಲದಿದ್ದರೆ ಯಾರಿಗೂ ಚಳಿ ಆಗುವುದಿಲ್ಲ.

ಐರಿಷ್ ಜನಪದ ಈ ಎಣಿಕೆಗೆ ಹೇಳಿ ಮಾಡಿಸಿದಂತಿದೆ. ಅಲ್ಲಿಯ ದೆವ್ವಭೂತ ನಿಮ್ಮ ಕತ್ತಿಗೆ ಎದುರು ನಿಲ್ಲುವುದು ಕಮ್ಮಿ. ಅವು ನಿಮ್ಮ ದಾರಿ, ಊಟ, ನಿದ್ದೆ, ಮನೆಯವರ ಮೇಲೆ ಕೈ ಹಾಕುತ್ತವೆ.

ಫೋಜೀನ್ ಮ್ಯಾರೀ ಅಂತ ಒಂದಿದೆ. ದಾರಿ ತಪ್ಪಿಸುವ ಮಣ್ಣಿನ ಹೆಂಟೆ. ಅದನ್ನು ತುಳಿದರೆ ಹುಟ್ಟಿದಾಗಿನಿಂದ ಓಡಾಡಿದ ಹೊಲದಲ್ಲೇ ಬಾಗಿಲು ಸಿಗದೆ ರಾತ್ರಿಯೆಲ್ಲ ಸುತ್ತುತ್ತೀರಿ. ಪರಿಹಾರ? ಕೋಟು ಬಿಚ್ಚಿ ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಬೇಕು. ಪೂಕ ಅಂತ ಇನ್ನೊಂದು, ರೂಪ ಬದಲಿಸುವಂಥದ್ದು, ಕಪ್ಪು ಕುದುರೆಯಾಗಿ ಬಂದು ಬೆನ್ನ ಮೇಲೆ ಹತ್ತಿಸಿಕೊಂಡು ಓಡುತ್ತದೆ. ಅಕ್ಟೋಬರ್ 31ರ ರಾತ್ರಿ ಶುರುವಾಗುವ ಹಬ್ಬ ಕಳೆದ ಮೇಲೆ ಪೊದೆಯ ಬ್ಲ್ಯಾಕ್‌ಬೆರಿ ಹಣ್ಣಿಗೆಲ್ಲ ಪೂಕ ಉಗುಳಿರುತ್ತದೆ, ತಿನ್ನಬಾರದು ಅನ್ನುತ್ತಾರೆ. ನೋಡಿ, ಕಾಡಿನಲ್ಲಿ ಹಣ್ಣು ಹುಡುಕುವ ನಿಯಮಕ್ಕೆ ಇದಕ್ಕಿಂತ ಒಳ್ಳೆ ತಿರುವು ಯಾವ ಪುಸ್ತಕದಲ್ಲಿದೆ? ಆ ಹಬ್ಬದ ಹೆಸರು ಕನ್ನಡದಲ್ಲಿ ಬರೆದರೆ 'ಸಾವಿನ್' ಅಂತ ಆಗುತ್ತದೆ. ನಮ್ಮ ಸಾವಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಆದರೂ ನಾನು ಮೊದಲ ಸಲ ಹೇಳಿದಾಗ ಮೇಜಿನ ಸುತ್ತ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಜಿಎಂಗೆ ಪುಕ್ಕಟೆ ಸಿಕ್ಕ ಮೌನ ಅದು.

ಇವೆಲ್ಲದರ ಹಿಂದೆ ಇರುವವರು ಈಸ್ ಶೀ, ದಿಬ್ಬಗಳ ಒಳಗಿನ ಜನ. ಚಿಟ್ಟೆ ರೆಕ್ಕೆಯ ಪುಟಾಣಿ ಫೇರಿಗಳನ್ನು ಮರೆತುಬಿಡಿ. ಇವರ ಹೆಸರು ಹೇಳಲೂ ಜನ ಹೆದರುತ್ತಿದ್ದರು. "ಒಳ್ಳೆಯವರು" ಅಂತ ಸುತ್ತಿ ಹೇಳುತ್ತಿದ್ದರು, ನಮ್ಮ ಕಡೆ ರಾತ್ರಿ ಹೊತ್ತು ಹಾವಿಗೆ ಹುಳ ಅನ್ನುವುದಿಲ್ಲವಾ, ಹಾಗೆ. (ಅಂದಹಾಗೆ ಐರ್ಲೆಂಡಿನ ಕಾಡಿನಲ್ಲಿ ಹಾವೇ ಇಲ್ಲ. ನಿಮ್ಮ ಆಟದಲ್ಲಿ ಹಾವು ಬಂದರೆ ಹೊಡೆದು ಹಾಕಿ, ಪಟ್ಟಿಯಿಂದ. ತೋಳ ಇಟ್ಟುಕೊಳ್ಳಿ, 18ನೇ ಶತಮಾನದವರೆಗೂ ಇದ್ದವು.) ಇವರಿಗೆ ಕಬ್ಬಿಣ ಆಗದು. ಇವರ ಮನೆಯಲ್ಲಿ ಊಟ ಮಾಡಿದರೆ ವಾಪಸ್ ಬರುವುದಿಲ್ಲ. ಹಳೇ ಮಣ್ಣಿನ ವೃತ್ತಕೋಟೆಗಳು ಐರ್ಲೆಂಡಿನಲ್ಲಿ 40,000ಕ್ಕೂ ಹೆಚ್ಚಿವೆ. ಅವೆಲ್ಲ ಇವರ ಮನೆಗಳು ಅನ್ನುವುದು ನಂಬಿಕೆ, ರೈತರು ಅದರೊಳಗೆ ಗುದ್ದಲಿ ಹಾಕಲು ಹಿಂದೆ ಮುಂದೆ ನೋಡುತ್ತಾರೆ. ಇದು ಅಜ್ಜಿ ಕಾಲದ ಮಾತು ಅಂದುಕೊಳ್ಳಬೇಡಿ. 1999ರಲ್ಲಿ ಕ್ಲೇರ್ ಕೌಂಟಿಯ ಲಟೂನ್‌ನಲ್ಲಿ ಹೆದ್ದಾರಿಗೆ ಒಂದು ಒಂಟಿ ಹಾಥಾರ್ನ್ ಪೊದೆ ಅಡ್ಡ ಬಂತು. ಅದು ಈಸ್ ಶೀಗಳ ಪೊದೆ, ಕಡಿಯಬೇಡಿ ಅಂತ ಕತೆಗಾರ ಎಡ್ಡಿ ಲೆನಿಹನ್ ಗಲಾಟೆ ಎಬ್ಬಿಸಿದರು. ಪೊದೆ ಉಳಿಯಿತು.

ಸರಿ, ಪುಸ್ತಕಗಳು.

ಫರ್ಬಿಡನ್ ಲ್ಯಾಂಡ್ಸ್

ಸ್ವೀಡನ್ನಿನ ಫ್ರೀ ಲೀಗ್ ಅನ್ನುವ ಪ್ರಕಾಶನ 2018ರಲ್ಲಿ ತಂದ ಆಟ. ಡಬ್ಬಿಯಲ್ಲಿ ಎರಡು ಪುಸ್ತಕ, ದೊಡ್ಡ ನಕಾಶೆ, ನಕಾಶೆಗೆ ಅಂಟಿಸಲು ಸ್ಟಿಕರ್. ಹಸಿವಿನ ಲೆಕ್ಕದಲ್ಲಿ ಇದನ್ನು ಮೀರಿಸಿದ್ದನ್ನು ನಾನು ಆಡಿಲ್ಲ.

ಇಲ್ಲಿ ಒಂದು ದಿನ ಅಂದರೆ ನಾಲ್ಕು ಕಾಲು ಭಾಗ. ಪ್ರತಿ ಕಾಲಿನಲ್ಲೂ ಏನು ಮಾಡುತ್ತೀರಿ ಅಂತ ಹೇಳಬೇಕು. ಒಬ್ಬರು ದಾರಿ ತೋರಿಸಬೇಕು, ಒಬ್ಬರು ಕಾವಲು ಕಾಯಬೇಕು, ಯಾರೋ ಬೇಟೆಗೆ ಹೋಗಬೇಕು, ಯಾರೋ ಮೀನು ಹಿಡಿಯಬೇಕು, ಸಂಜೆಗೆ ಬಿಡಾರ ಹೂಡಬೇಕು. ನಕಾಶೆಯಲ್ಲಿ ಒಂದು ಹೆಕ್ಸ್, ಅಂದರೆ ಆರು ಬದಿಯ ಒಂದು ಮನೆ, 10 ಕಿಲೋಮೀಟರ್. ಬಯಲಲ್ಲಿ ಒಂದು ಕಾಲಿಗೆ ಎರಡು ಹೆಕ್ಸ್, ದಟ್ಟ ಕಾಡಲ್ಲಿ ಒಂದು. ದಾರಿ ತೋರಿಸುವವರ ದಾಳ ಕೈಕೊಟ್ಟರೆ ಏನೋ ಒಂದು ಎಡವಟ್ಟು ಗ್ಯಾರಂಟಿ.

ಊಟದ ಲೆಕ್ಕ ಮಜವಾಗಿದೆ. ನಿಮ್ಮ ಬಳಿ ಇಷ್ಟು ರೊಟ್ಟಿ ಅಂತ ಬರೆದಿರುವುದಿಲ್ಲ. ಊಟಕ್ಕೆ ಒಂದು ದಾಳ ಇರುತ್ತದೆ, ನೀರಿಗೆ ಒಂದು, ಬಾಣಕ್ಕೆ ಒಂದು, ಪಂಜಿಗೆ ಒಂದು. ತುಂಬಿದ ಚೀಲ ಅಂದರೆ ಡಿ12, ಅಂದರೆ 12 ಮುಖದ ದಾಳ. ದಿನಕ್ಕೊಮ್ಮೆ ಉಂಡಾಗ ಅದನ್ನು ಉರುಳಿಸಿ. 1 ಅಥವಾ 2 ಬಂದರೆ ದಾಳ ಒಂದು ಮೆಟ್ಟಿಲು ಇಳಿಯುತ್ತದೆ: ಡಿ10, ಡಿ8, ಡಿ6, ಆಮೇಲೆ ಖಾಲಿ. ದಾಳ ಚಿಕ್ಕದಾದಷ್ಟೂ 1, 2 ಬೀಳುವ ಸಾಧ್ಯತೆ ಜಾಸ್ತಿ. ಡಿ12ರಲ್ಲಿ ಆರಕ್ಕೊಂದು, ಡಿ6ರಲ್ಲಿ ಮೂರಕ್ಕೊಂದು. ಅಂದರೆ ಡಬ್ಬದ ತಳ ಕಾಣಿಸಲು ಶುರುವಾದ ಮೇಲೆ ಬೇಗ ಬೇಗ ಖಾಲಿಯಾಗುತ್ತದೆ. ತಿಂಗಳ ಕೊನೆಯ ಸಂಬಳದ ಹಾಗೆ. ನಮ್ಮ ಗುಂಪಿನಲ್ಲಿ ಒಬ್ಬಳು ಡಿ8 ಊಟ ಇಟ್ಟುಕೊಂಡು "ಇನ್ನೂ ನಾಲ್ಕು ದಿನ ಆರಾಮ" ಅಂದಳು. ಮೊದಲ ದಿನ 2. ಎರಡನೇ ದಿನ 1. ಮೂರನೇ ದಿನ ಅವಳು ಪಕ್ಕದವನ ಹಾಳೆ ಇಣುಕುತ್ತಿದ್ದಳು.

ಊಟ ಸಿಗದಿದ್ದರೆ ಹಾಳೆಯ ಮೇಲೆ 'ಹಸಿವು' ಅನ್ನುವ ಚೌಕ ತುಂಬುತ್ತದೆ. ಬಾಯಾರಿಕೆ, ನಿದ್ದೆಗೇಡು, ಚಳಿ, ಒಟ್ಟು ನಾಲ್ಕು ಚೌಕ. ಹಸಿದವನಿಗೆ ಕಳೆದುಕೊಂಡ ಬಲ ಮರಳಿ ಬರುವುದಿಲ್ಲ. ಇದರ ಜೊತೆಗೆ ದಾಳವನ್ನು 'ತಳ್ಳುವ' ನಿಯಮ. ಮೊದಲ ಸಲ ಆಗಲಿಲ್ಲ ಅಂದರೆ ಇನ್ನೊಮ್ಮೆ ಉರುಳಿಸಬಹುದು, ಆದರೆ 1 ಬಿದ್ದ ಕಡೆ ನಿಮ್ಮ ಮೈಗೋ ಸಾಮಾನಿಗೋ ಪೆಟ್ಟು. ಕೊಡಲಿ ಮುರಿಯುವುದು ಇಲ್ಲಿ ಮಾಮೂಲು.

ಹಸಿದ ಹುಲ್ಲನ್ನು ಇಲ್ಲಿಗೆ ತರುವುದು ಸುಲಭ. ತುಳಿದವರು ಅಲ್ಲೇ ಊಟದ ದಾಳ ಉರುಳಿಸಬೇಕು, ಇಲ್ಲದಿದ್ದರೆ ಹಸಿವಿನ ಚೌಕ ತುಂಬಿತು. ಒಂದು ಸಾಲಿನ ಹೊಸ ನಿಯಮ ಸಾಕು.

ಕೊರತೆ? ಇದರ ಜಗತ್ತು ಐರಿಷ್ ಅಲ್ಲವೇ ಅಲ್ಲ. ಶತಮಾನಗಳ ಕಾಲ ನಾಡನ್ನು ಮುಚ್ಚಿದ್ದ ರಕ್ತಮಂಜು ಸರಿದ ಮೇಲಿನ ಕತೆ ಅದು. ಓರ್ಕ್, ಕುಳ್ಳರು, ಎದೆಯೊಳಗೆ ಮಾಣಿಕ್ಯ ಇರುವ ಎಲ್ಫ್‌ಗಳು ಬರುತ್ತಾರೆ. ಆ ಎಲ್ಫ್‌ಗಳನ್ನು ಈಸ್ ಶೀ ಅಂತ ಕರೆದು ಸುಧಾರಿಸಲು ನಾನೊಮ್ಮೆ ಹೊರಟೆ. ಎರಡನೇ ಸೆಷನ್‌ಗೇ ಹದ ಕೆಟ್ಟಿತು. ನಿಯಮ ಇಟ್ಟುಕೊಂಡು ಜಗತ್ತನ್ನು ಪೂರ್ತಿ ಪಕ್ಕಕ್ಕಿಟ್ಟರೆ ಮಾತ್ರ ಕೆಲಸ ಆಗುತ್ತದೆ. ಆಟಗಾರರ ಪಾತ್ರಗಳೆಲ್ಲ ಮನುಷ್ಯರೇ ಆಗಲಿ. ಅಷ್ಟು ತಯಾರಿಗೆ ಜಿಎಂಗೆ ಒಂದೆರಡು ವಾರಾಂತ್ಯ ಬೇಕು. ಜೊತೆಗೆ ಮೂರು ಬಣ್ಣದ ಡಿ6 ದಾಳಗಳು ಬೇಕು, ಮೈಗೊಂದು, ಕೌಶಲಕ್ಕೊಂದು, ಸಾಮಾನಿಗೊಂದು ಬಣ್ಣ.

ಕೇರ್ನ್

ಯೋಖಾಯ್ ಗಾಲ್ ಬರೆದದ್ದು, 2020ರಲ್ಲಿ ಬಂತು. ಮೊದಲ ಆವೃತ್ತಿ ಪುಸ್ತಕಕ್ಕಿಂತ ಕೈಪಿಡಿ ಅನ್ನಬಹುದಾದಷ್ಟು ತೆಳ್ಳಗಿದೆ. ಒಂದು ಕಾಫಿ ಮುಗಿಯುವುದರೊಳಗೆ ಓದಬಹುದು. ಆಮೇಲೆ ಬಂದ ಎರಡನೇ ಆವೃತ್ತಿಯಲ್ಲಿ ಆಟಗಾರರಿಗೊಂದು, ಜಿಎಂಗೊಂದು ಅಂತ ಎರಡು ಪುಸ್ತಕ. ನಿಯಮಗಳನ್ನು ದುಡ್ಡಿಲ್ಲದೆ ಓದಬಹುದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವುದರಿಂದ ಮೂಲದ ಹೆಸರು ಹೇಳಿ, ಅದೇ ಪರವಾನಗಿಯಲ್ಲಿ ಹಂಚಿದರೆ ಕನ್ನಡಕ್ಕೂ ತರಬಹುದು. ನಾನು ಪಾತ್ರದ ಹಾಳೆಯನ್ನು ಕನ್ನಡದಲ್ಲಿ ಬರೆದುಕೊಂಡಿದ್ದೇನೆ. ಬಲ, ಚುರುಕು, ಛಲ. ಮೂರೇ ಗುಣ. ಹೆಸರು ಹುಡುಕಲು ಕಷ್ಟವೇ ಆಗಲಿಲ್ಲ.

ಇದರ ಜಗತ್ತು ಅಂದರೆ ಒಂದು ಕತ್ತಲೆ ಕಾಡು, ಅದರೊಳಗೆ ವಿಚಿತ್ರ ಜನ, ಬಚ್ಚಿಟ್ಟ ನಿಧಿ, ಬಾಯಿಬಿಟ್ಟು ಹೇಳಲಾಗದ ಪ್ರಾಣಿಗಳು. ಅಷ್ಟೇ ಹೇಳಿ ಸುಮ್ಮನಾಗುತ್ತದೆ. ಐರ್ಲೆಂಡ್ ತುಂಬಲು ಬೇಕಾದಷ್ಟು ಜಾಗ.

ಇಲ್ಲಿ ಎಣಿಸುವುದು ಚೀಲವನ್ನು. ರೂಲ್ಡ್ ನೋಟ್‌ಬುಕ್ ತಗೊಂಡು ಹತ್ತು ಸಾಲಿಗೆ ನಂಬರ್ ಹಾಕಿ. ಅದೇ ನಿಮ್ಮ ಚೀಲ. ಒಂದು ಸಾಮಾನಿಗೆ ಒಂದು ಸಾಲು, ಭಾರಿ ಸಾಮಾನಿಗೆ ಎರಡು. ಶುರುವಿನಲ್ಲಿ ಮೂರು ದಿನದ ಊಟ ಒಂದು ಸಾಲು, ಪಂಜು ಒಂದು ಸಾಲು. ಹತ್ತೂ ತುಂಬಿದರೆ ನಿಮ್ಮನ್ನು ಪೆಟ್ಟಿನಿಂದ ಕಾಯುವ ಅಂಕ ಸೊನ್ನೆಗೆ ಇಳಿಯುತ್ತದೆ. ಮುಖ್ಯವಾದ ಮಾತು ಇನ್ನೂ ಬರಬೇಕು: ಸುಸ್ತು ಕೂಡ ಒಂದು ಸಾಲು ತಿನ್ನುತ್ತದೆ. ದಿನಗಟ್ಟಲೆ ಊಟ ನಿದ್ದೆ ಇಲ್ಲದೆ ನಡೆದರೆ ಚೀಲದೊಳಗೆ 'ಸುಸ್ತು' ಅಂತ ಬರೆಯಬೇಕು. ಜಾಗ ಇಲ್ಲವಾ? ಹಗ್ಗ ಬಿಸಾಕಿ. ಇನ್ನೊಂದು ಸುಸ್ತು ಬಂತಾ? ಪಂಜು ಬಿಸಾಕಿ. ದಣಿದ ಮನುಷ್ಯನಿಗೆ ತನ್ನ ಸಾಮಾನೇ ಭಾರ ಅನ್ನುವುದನ್ನು ಇಷ್ಟು ಸಲೀಸಾಗಿ ತೋರಿಸಿದ ನಿಯಮ ನಾನು ಇನ್ನೊಂದು ನೋಡಿಲ್ಲ.

ನಮ್ಮ ಮೇಜಿನಲ್ಲಿ ಹಸಿದ ಹುಲ್ಲು ತುಳಿದರೆ ಎರಡು ಸಾಲು 'ಹಸಿವು' ತುಂಬುತ್ತದೆ. ಉಂಡರೆ ಮಾತ್ರ ಅಳಿಸಬಹುದು. ದಾರಿ ತಪ್ಪಿಸುವ ಹೆಂಟೆಗೆ ಕೋಟು ತಿರುಗಿಸಬೇಕಲ್ಲ, ಅದಕ್ಕೆ ಮೊದಲು ಮೇಲಿನ ಕವಚ ಬಿಚ್ಚಬೇಕು. ಕವಚ ನೆಲದ ಮೇಲಿದೆ, ಕೋಟು ಅರ್ಧ ತೋಳಲ್ಲಿದೆ, ಅಷ್ಟು ಹೊತ್ತಿಗೆ ಮಂಜಿನೊಳಗಿಂದ ತೋಳ. ಇದಕ್ಕೆ ದೊಡ್ಡ ತಯಾರಿ ಬೇಡ. ನಂಬಿಕೆಯೇ ಕೆಲಸ ಮಾಡುತ್ತದೆ.

ಹೊಡೆದಾಟ ಕ್ರೂರ. ಪೆಟ್ಟು ಬೀಳುತ್ತೋ ಇಲ್ಲವೋ ಅನ್ನುವ ದಾಳವೇ ಇಲ್ಲ, ಬಿದ್ದೇ ಬೀಳುತ್ತದೆ. ಎಷ್ಟು ಜೋರು ಅನ್ನುವುದಷ್ಟೇ ಪ್ರಶ್ನೆ. ಹಾಗಾಗಿ ಎರಡನೇ ಸೆಷನ್‌ನಿಂದ ಎಲ್ಲರೂ ಹೊಡೆದಾಟ ತಪ್ಪಿಸಲು ನೋಡುತ್ತಾರೆ. ಐರಿಷ್ ಕತೆಗಳಲ್ಲೂ ಬುದ್ಧಿ ಇದ್ದವರು ಅದನ್ನೇ ಮಾಡುವುದು.

ಕೊರತೆ ಅಂದರೆ ಎಲ್ಲವನ್ನೂ ಜಿಎಂ ತಲೆಗೆ ಹಾಕುತ್ತದೆ. ಪಾತ್ರಗಳು ದಿನ ಕಳೆದ ಹಾಗೆ ದೊಡ್ಡದಾಗುವ ಮೆಟ್ಟಿಲುಗಳಿಲ್ಲ. ವರ್ಷಗಟ್ಟಲೆ ಆಡುತ್ತಾ ಹೊಸ ಹೊಸ ಶಕ್ತಿ ಸೇರಿಸುವ ಆಸೆ ಇದ್ದವರಿಗೆ ಇದು ಸಪ್ಪೆ ಅನ್ನಿಸುತ್ತದೆ.

ವೇಸೆನ್

ಇದೂ ಫ್ರೀ ಲೀಗ್‌ನದೇ, 2020. ಯೋಹಾನ್ ಎಗರ್‌ಕ್ರಾನ್ಸ್ ಅನ್ನುವ ಸ್ವೀಡಿಷ್ ಚಿತ್ರಕಾರರ ಕೆಲಸದಿಂದ ಹುಟ್ಟಿದ್ದು. ಮೂಲ ಪುಸ್ತಕ 19ನೇ ಶತಮಾನದ ಉತ್ತರ ಯುರೋಪಿನದು. ಆದರೆ 2022ರಲ್ಲಿ ಬಂದ ಬ್ರಿಟನ್ ಮತ್ತು ಐರ್ಲೆಂಡಿನ ಪೂರಕ ಪುಸ್ತಕ, ಗ್ರೇಮ್ ಡೇವಿಸ್ ಬರೆದದ್ದು, ನಮಗೆ ಬೇಕಾದ ಕಡೆಗೇ ಕರೆದುಕೊಂಡು ಹೋಗುತ್ತದೆ.

ಈ ಪಟ್ಟಿಯಲ್ಲಿ ಐರ್ಲೆಂಡ್ ಅಂತ ಹೆಸರು ಹಿಡಿದು ನಿಮ್ಮನ್ನು ಅಲ್ಲಿಗೆ ಕಳಿಸುವುದು ಇದೊಂದೇ. ಜನಪದವನ್ನು ಗೌರವದಿಂದ ನೋಡುತ್ತದೆ ಕೂಡ. ಇಲ್ಲಿಯ ಜೀವಿಗಳನ್ನು ಗುಂಡು ಹೊಡೆದು ಮುಗಿಸಲು ಆಗುವುದಿಲ್ಲ. ಯಾಕೆ ಸಿಟ್ಟಾಗಿದೆ, ಯಾರು ಮಾತು ತಪ್ಪಿದರು, ಏನು ಕೊಟ್ಟರೆ ಹೋಗುತ್ತದೆ ಅಂತ ಹುಡುಕಬೇಕು. ನೀವು ಕಾಣದ್ದನ್ನು ಕಾಣುವ ಕಣ್ಣಿರುವ ತನಿಖೆಗಾರರು. ಹಾಳೆ ಎಣಿಸುವುದು ಮೈ ಮನಸ್ಸಿನ ಸ್ಥಿತಿಯನ್ನು. ದಣಿವು, ಪೆಟ್ಟು, ಗಾಯ ಒಂದು ಕಡೆ. ಸಿಟ್ಟು, ಭಯ, ಹತಾಶೆ ಇನ್ನೊಂದು ಕಡೆ.

ರೊಟ್ಟಿ ಯಾರೂ ಎಣಿಸುವುದಿಲ್ಲ. ರೈಲಿನಲ್ಲಿ ಬಂದು ಇಳಿಯುತ್ತೀರಿ, ವಸತಿಗೃಹದಲ್ಲಿ ಬಿಸಿ ಸೂಪು ಕುಡಿಯುತ್ತೀರಿ. ಬದುಕುಳಿಯುವ ಆಟ ಬೇಕು ಅಂದವರಿಗೆ ಇದು ತಪ್ಪು ಅಂಗಡಿ. ಆದರೆ ಬ್ಯಾನ್‌ಶೀಯನ್ನು ಸರಿಯಾಗಿ ಆಡಿಸಲು ಇಲ್ಲಿಯ ಮನೋಭಾವವೇ ಬೇಕು. ಬ್ಯಾನ್‌ಶೀ ಯಾರನ್ನೂ ಕೊಲ್ಲುವುದಿಲ್ಲ. ಹಳೇ ಮನೆತನಗಳಲ್ಲಿ ಸಾವು ಬರುವ ಮುನ್ನ ಅಳುತ್ತಾಳೆ. ಅವಳ ಜೊತೆ ಕತ್ತಿ ಹಿಡಿದು ಹೋರಾಡಿಸುವ ಆಟ ಯಾವುದೇ ಇರಲಿ, ಅದನ್ನು ಬರೆದವರು ಅವಳ ಅಳು ಕೇಳಿಸಿಕೊಂಡಿಲ್ಲ ಅಂತಲೇ ನನ್ನ ಅಭಿಪ್ರಾಯ. ಇನ್ನೊಂದು ಅನುಕೂಲ, ಬರೀ ಡಿ6 ಸಾಕು. ಹಾವು-ಏಣಿ, ಲೂಡೋ ಡಬ್ಬಿಗಳನ್ನೆಲ್ಲ ಗುಡಿಸಿದರೆ ಆಟಕ್ಕೆ ಬೇಕಾದಷ್ಟು ದಾಳ ಸಿಗುತ್ತದೆ.

ಡಾಲ್ಮನ್‌ವುಡ್

ಗ್ಯಾವಿನ್ ನಾರ್ಮನ್ ಅವರ ದೊಡ್ಡ ಕಾಡು. 2023ರಲ್ಲಿ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಜನರಿಂದ ಹಣ ಎತ್ತಿದರು, ಮೂರು ಮುಖ್ಯ ಪುಸ್ತಕ. ಹೆಕ್ಸ್ ಹೆಕ್ಸ್‌ಗೂ ಅಲ್ಲಿ ಏನಿದೆ, ಯಾರಿದ್ದಾರೆ, ಏನು ವಾಸನೆ ಅಂತ ಬರೆದಿಟ್ಟಿದ್ದಾರೆ. ಜಿಎಂಗೆ ಸಮಯ ಇಲ್ಲದಿದ್ದರೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅಣಬೆ, ಸೊಪ್ಪುಸದೆಯ ಪಟ್ಟಿಗಳಿವೆ, ಬಿಡಾರ ಹೂಡುವ ನಿಯಮ ಇದೆ, ಫೇರಿಗಳಿಗೆ ಕಬ್ಬಿಣ ಆಗದು ಅನ್ನುವುದೂ ಇದೆ. ಮೇಕೆ ಮುಖದ ಬ್ರೆಗಲ್ ಜನ, ಬೆಕ್ಕಿನ ರೂಪದ ಗ್ರಿಮಾಲ್ಕಿನ್‌ಗಳನ್ನು ಆಡಬಹುದು.

ಆದರೆ ಇದು ಇಂಗ್ಲಿಷ್ ಹಳ್ಳಿಯ ಕಾಡು. ಊರಿನ ಹೆಸರು, ಬಿಯರು, ಪಾದ್ರಿ, ಹಾಸ್ಯ ಎಲ್ಲವೂ ಇಂಗ್ಲೆಂಡಿನದು. ಕತ್ತಲಿದೆ, ಆದರೆ ಅದರ ಬಾಯಂಚಿನಲ್ಲಿ ಸಣ್ಣ ನಗು. ಐರಿಷ್ ಕತೆಗಳ ಹಸಿವು, ಊರು ಬಿಟ್ಟವರ ದುಃಖ ಇಲ್ಲಿ ಸಿಗುವುದಿಲ್ಲ. ಹಳೇ ಶೈಲಿಯ ಆಟವಾದ್ದರಿಂದ ನಿಧಿ ತಂದರೆ ಅನುಭವದ ಅಂಕ. ಅಂದರೆ ಕೊನೆಗೆ ಎಣಿಸುವುದು ಚಿನ್ನವನ್ನೇ. ಒಂದೇ ರಾತ್ರಿಗೆ ರುಚಿ ನೋಡಬೇಕಾದರೆ ಇದೇ ಲೇಖಕರ 'ವಿಂಟರ್ಸ್ ಡಾಟರ್' ಅನ್ನುವ ಚಿಕ್ಕ ಸಾಹಸ ತಗೊಳ್ಳಿ. ಹಳೇ ವೀರನ ಸಮಾಧಿ, ಆಚೆ ಕಡೆ ಕಾಯುತ್ತಿರುವ ಫೇರಿ ರಾಜಕುಮಾರಿ. ಅದನ್ನು ಕೇರ್ನ್ ನಿಯಮದಲ್ಲೂ ಆಡಿಸಬಹುದು.

ಶಾಡೋಸ್ ಆಫ್ ಎಸ್ಟೆರೆನ್

ಫ್ರೆಂಚರ ಆಟ, 2010. ಟ್ರಿ-ಕಝೆಲ್ ಅನ್ನುವ ಪರ್ಯಾಯ ದ್ವೀಪ, ಕೆಲ್ಟಿಕ್ ಬಣ್ಣ, ಫಿಯೊಂಡ್ ಅನ್ನುವ ಭಯಂಕರ ಜೀವಿಗಳು, ಹಳೇ ನಂಬಿಕೆಗೂ ಹೊಸ ಧರ್ಮಕ್ಕೂ ಜಗಳ. ಮನಸ್ಸು ನಿಧಾನವಾಗಿ ಬಿರುಕು ಬಿಡುವುದನ್ನು ಎಣಿಸುತ್ತದೆ. ಕತ್ತಲೆ ಅಂದರೆ ಇದು. ಪುಸ್ತಕ ಓದಲು ಬಹಳ ಚಂದ, ಆಡಿಸಲು ನಿಧಾನ. ನಾನು ಆರು ತಿಂಗಳು ಓದಿ ಎರಡೇ ಸೆಷನ್ ಆಡಿಸಿದ್ದೇನೆ. ಇದರ ಕೆಲ್ಟಿಕ್‌ತನ ಐರ್ಲೆಂಡಿಗಿಂತ ಬ್ರಿಟನಿಗೆ ಹತ್ತಿರ ಅನ್ನಿಸುತ್ತದೆ, ಫ್ರಾನ್ಸಿನ ಬ್ರಿಟನಿ.

ಇನ್ನು ದುಡ್ಡಿನ ಮಾತು. ವಿದೇಶದಿಂದ ಡಬ್ಬಿ ತರಿಸಿದರೆ ಸಾಗಾಣಿಕೆ, ಸುಂಕ ಸೇರಿ ಪುಸ್ತಕದ ಬೆಲೆಗೆ ಸಮ ಆಗುವುದೂ ಉಂಟು. ನನ್ನ ಒಂದು ಪಾರ್ಸೆಲ್ ಎರಡು ತಿಂಗಳು ಎಲ್ಲೋ ಕೂತು, ಬಂದಾಗ ಮೂಲೆ ಜಜ್ಜಿತ್ತು. ಮೊದಲು ಪಿಡಿಎಫ್ ತಗೊಳ್ಳಿ, ನಾಲ್ಕು ಸಲ ಆಡಿ, ಇಷ್ಟವಾದರೆ ಡಬ್ಬಿ. ಕೇರ್ನ್‌ಗೆ ಆ ಚಿಂತೆಯೂ ಇಲ್ಲ. ಜೆರಾಕ್ಸ್ ಅಂಗಡಿಗೆ ಹೋದರೆ ಮುಗಿಯಿತು.

ಯಾವ ಪುಸ್ತಕ ತಗೊಂಡರೂ ಜೀವಿಗಳ ಪಟ್ಟಿಯನ್ನು ಅಷ್ಟಾಗಿ ನೆಚ್ಚಿಕೊಳ್ಳಬೇಡಿ. 1937ರಿಂದ 1939ರವರೆಗೆ ಐರ್ಲೆಂಡಿನ ಶಾಲೆಗಳಲ್ಲಿ ಸುಮಾರು 50,000 ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಕತೆ, ಮದ್ದು, ನಂಬಿಕೆ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದರು. ದೂಖಸ್ ಅನ್ನುವ ಜಾಲತಾಣದಲ್ಲಿ ಅದನ್ನು ಪುಕ್ಕಟೆ ಓದಬಹುದು, ಮಕ್ಕಳ ಕೈಬರಹದಲ್ಲೇ. ಒಂದು ಸಂಜೆ ಅಲ್ಲಿ ಸುಮ್ನೆ ಅಲೆದಾಡಿದರೆ ಹತ್ತು ಸೆಷನ್‌ಗೆ ಸಾಮಗ್ರಿ ಸಿಗುತ್ತದೆ.

ಒಂದು ಕಡೆ ಮಾತ್ರ ಎಚ್ಚರ. ಈಸ್ ಶೀಗಳು ಮನುಷ್ಯರನ್ನು ಕದ್ದು, ಅದೇ ಮುಖದ ಇನ್ನೊಂದನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ ಅನ್ನುವ ನಂಬಿಕೆ ಇದೆ. ಆಟಕ್ಕೆ ಬಲು ರೋಚಕ, ಎಲ್ಲ ಜಿಎಂಗಳೂ ಮೊದಲು ಹಿಡಿಯುವುದು ಇದನ್ನೇ. ಆದರೆ 1895ರಲ್ಲಿ ಟಿಪ್ಪರರಿ ಕೌಂಟಿಯ ಬ್ಯಾಲಿವಾಡ್ಲಿಯಲ್ಲಿ ಬ್ರಿಜೆಟ್ ಕ್ಲಿಯರಿ ಅನ್ನುವ 26ರ ಹೆಣ್ಣುಮಗಳನ್ನು ಅವಳ ಗಂಡನೇ ಸುಟ್ಟು ಕೊಂದ. ಬಟ್ಟೆ ಹೊಲಿದು ಸ್ವಂತ ದುಡಿಮೆ ಮಾಡುತ್ತಿದ್ದವಳು. ಕಾಯಿಲೆ ಬಿದ್ದಳು. ಇವಳು ನನ್ನ ಹೆಂಡತಿಯಲ್ಲ, ಅಸಲಿ ಹೆಂಡತಿ ಕೋಟೆದಿಬ್ಬದಿಂದ ಬಿಳಿ ಕುದುರೆ ಏರಿ ಬರುತ್ತಾಳೆ ಅಂದ. ಕೋರ್ಟು ಅವನಿಗೆ 20 ವರ್ಷ ಶಿಕ್ಷೆ ಕೊಟ್ಟಿತು. ಹಾಗಾಗಿ ಈ ಕತೆ ಆಡಿಸುವ ಮುನ್ನ ಮೇಜಿನಲ್ಲಿ ಎಲ್ಲರನ್ನೂ ಕೇಳಿ. ಯಾರಾದರೂ ಬೇಡ ಅಂದರೆ ಬೇಡ. ನಾನು ಆಡಿಸುವಾಗ 'ಬದಲಿ' ಬಂದವರು ನಿಜಕ್ಕೂ ಬದಲಿಯೋ, ಬರೀ ಕಾಯಿಲೆಯೋ ಅನ್ನುವುದನ್ನು ಮೊದಲೇ ತೀರ್ಮಾನಿಸಿ ಚೀಟಿಯಲ್ಲಿ ಬರೆದು ಲೋಟದ ಕೆಳಗೆ ಇಡುತ್ತೇನೆ. ಆಮೇಲೆ ಅದನ್ನು ಬದಲಿಸುವುದಿಲ್ಲ.

ನಿಮ್ಮ ಗುಂಪು ಹಳೇದಾಗಿದ್ದು, ಆರು ತಿಂಗಳು ತಪ್ಪದೆ ಸೇರುವ ಜನ ಇದ್ದರೆ ಫರ್ಬಿಡನ್ ಲ್ಯಾಂಡ್ಸ್ ತಗೊಳ್ಳಿ, ಜಗತ್ತು ನೀವೇ ಕಟ್ಟಿ. ಮನೆಯಲ್ಲಿ ಪತ್ತೇದಾರಿ ಕತೆ ಓದುವವರು ಜಾಸ್ತಿ ಇದ್ದರೆ ವೇಸೆನ್. ಜಿಎಂಗೆ ಮಗು ಹುಟ್ಟಿ ಮೂರು ತಿಂಗಳಾಗಿದ್ದರೆ ಡಾಲ್ಮನ್‌ವುಡ್, ಎಲ್ಲ ಬರೆದೇ ಇಟ್ಟಿದ್ದಾರೆ. ಎಸ್ಟೆರೆನ್ ನಿಮ್ಮ ಓದಿಗೆ ಇರಲಿ. ಇದೇ ಮೊದಲ ಸಲ, ನಾಳೆ ಸಂಜೆಯೇ ಆಡಬೇಕು ಅಂದರೆ ಕೇರ್ನ್, ಎರಡನೇ ಯೋಚನೆ ಬೇಡ.

ಶುರುವಿನಲ್ಲಿ ಹೇಳಿದ ಆ ಹೊಲವೂ ಕೇರ್ನ್‌ನದೇ. ಅವತ್ತು ಬೆಳಗ್ಗೆ, ಅಂದರೆ ಆಟದ ಬೆಳಗ್ಗೆ, ದಾರಿಯಲ್ಲಿ ಒಬ್ಬ ಮುದುಕ ಸಿಕ್ಕಿದ್ದ. ಮೂಳೆ ಚರ್ಮ, ಕೈಯಲ್ಲಿ ಒಂದು ಮಗ್ಗು. ತಿನ್ನಲು ಏನಾದರೂ ಕೊಡಿ ಅಂದ. ಮೂವರು ಮುಖ ತಿರುಗಿಸಿ ಹೋದರು. ಐರಿಷ್‌ನಲ್ಲಿ 'ಫೇರ್' ಅಂದರೆ ಹುಲ್ಲು, 'ಫ್ಯಾರ್' ಅಂದರೆ ಗಂಡಸು. ಫ್ಯಾರ್ ಗೋರ್ತ, ಹಸಿವಿನ ಮನುಷ್ಯ, ಅವನೂ ಅದೇ ನಂಬಿಕೆಯವನು. ಕೊಟ್ಟವರಿಗೆ ಒಳ್ಳೇದು ಮಾಡುತ್ತಾನೆ ಅನ್ನುತ್ತಾರೆ. ಇದು ನನ್ನ ಆಟಗಾರರಿಗೆ ಗೊತ್ತಿರಲಿಲ್ಲ.

"ಬ್ಯಾಗಲ್ಲಿ ಏನಾದ್ರೂ ಇದ್ಯಾ ನೋಡೇ" ಅಂತ ಕೂಗಿದಾಗ ಅವಳು ಹಾಳೆ ನೋಡಿದಳು. ಏಳನೇ ಸಾಲು ರಬ್ಬರಿನಿಂದ ಅಳಿಸಿತ್ತು.

"ಇತ್ತು ಕಣೋ. ಬೆಳಗ್ಗೆ ಆ ತಾತಂಗೆ ಕೊಟ್ಬಿಟ್ಟೆ."

ಯಾರೂ ಮಾತಾಡಲಿಲ್ಲ. ನಾನು ಅವಳ ಹಾಳೆ ಇಸ್ಕೊಂಡೆ. ಅಳಿಸಿದ ಏಳನೇ ಸಾಲಿನಲ್ಲಿ 'ಓಟ್ಸ್ ರೊಟ್ಟಿ, 1, ಇನ್ನೂ ಬಿಸಿ ಇದೆ' ಅಂತ ಬರೆದು ವಾಪಸ್ ಕೊಟ್ಟೆ.